ತನ್ನ ಹೊಲಿಗೆ ತಾನೇ ಕೊಯ್ಯುವ ದೇವಕಮ್ಮ

ಶಹಾಪುರದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಭೀಮರಾಯನಗುಡಿ ಕಡೆ ಹೋಗುವ ರಸ್ತೆಯ ಗ್ಯಾರೇಜುಗಳ ಷಟರ್ ಎತ್ತುವುದಕ್ಕೆ ಹೊತ್ತಿದೆ. ಚಹಾದಂಗಡಿಯವನು ಮಾತ್ರ ಒಲೆ ಹಚ್ಚಿ, ಮೊದಲ ಕಪ್ಪನ್ನು ನೆಲಕ್ಕೆ ಚೆಲ್ಲಿ ದಿನ ಶುರು ಮಾಡಿದ್ದಾನೆ. ಅವನ ಎದುರಿಗಿನ ತಗಡಿನ ಶೆಡ್ಡಿನ ಮುಂದೆ ಬೂದು ಬಣ್ಣದ ಕಾರೊಂದು ನಾಲ್ಕೂ ಬಾಗಿಲು ತೆರೆದುಕೊಂಡು ನಿಂತಿದೆ. ಎಡಗಡೆಯ ಮುಂದಿನ ಬಾಗಿಲ ಬಳಿ ಗೋಣಿಚೀಲ ಹಾಸಿ, ಮೊಣಕಾಲೂರಿ, ಸೀಟಿನ ಸಂದಿಗೆ ತಲೆ ತೂರಿಸಿರುವ ಹೆಂಗಸೊಬ್ಬರ ಬೆನ್ನು ಮಾತ್ರ ನಮಗೆ ಕಾಣುತ್ತದೆ. ಕೈಯಲ್ಲಿ ಅರ್ಧ ಮಾಡಿದ ಶೇವಿಂಗ್ ಬ್ಲೇಡು. ಒಂದೊಂದು ಹೊಲಿಗೆಯನ್ನೂ ಬೆರಳಿನಿಂದ ಮುಟ್ಟಿ, ಎತ್ತಿ, ಕೊಯ್ಯುತ್ತಾರೆ. ದಪ್ಪ ನೈಲಾನ್ ದಾರ ಟಕ್ ಎಂದು ಕಡಿಯುತ್ತದೆ.

ಕಾರಿನ ಮಾಲೀಕರು ದೋರನಹಳ್ಳಿಯ ಭಾಗಣ್ಣ ಮಾಸ್ತರ. ಕಾರು ತರಲು ಈ ಹೆಂಗಸೇ ಹೇಳಿಕಳಿಸಿದ್ದರಿಂದ, ಶಾಲೆಗೆ ಹೋಗುವ ಮೊದಲು ಕೆಲಸ ಮುಗಿಯಲೆಂದು ಕತ್ತಲಲ್ಲೇ ಬಂದಿದ್ದಾರೆ. ಮುಖದಲ್ಲಿ ಅಸಮಾಧಾನ ಎದ್ದು ಕಾಣುತ್ತಿದೆ. "ನೀನ ಹೊಲಿದಿ, ಈಗ ನೀನ ಕೊಯ್ಯಾಕತ್ತಿದಿ. ಏನರ ಅರ್ಥ ಐತೇನಕ್ಕಾ ಇದಕ್ಕ?" ಎಂದು ಕೇಳುತ್ತಾರೆ.

"ಅರ್ಥ ಆಮ್ಯಾಲ ಹೇಳ್ತೀನ್ರಿ ಮಾಸ್ತರ. ಮೊದಲ ಆಕಡಿ ಸರೀರಿ, ಬೆಳಕಿಗೆ ಅಡ್ಡ ನಿಂತೀರಿ," ಎನ್ನುತ್ತದೆ ಸೀಟಿನ ಸಂದಿಯಿಂದ ಬಂದ ದನಿ.

ಇವರು ದೇವಕಮ್ಮ. ವಯಸ್ಸು ಅರವತ್ತರ ಆಸುಪಾಸು. ಶಹಾಪುರ, ಸುರಪುರ, ಯಾದಗಿರಿಯ ಡ್ರೈವರುಗಳ ಬಾಯಲ್ಲಿ ಸೀಟಿನ ದೇವಕ್ಕ. ಹೊಲಿಗೆಯೇ ಇವರ ಜೀವನ. ಆದರೆ ಕಳೆದ ಎರಡು ವರ್ಷಗಳಿಂದ ಇವರು ಹೊಲಿಯುವುದಕ್ಕಿಂತ ಹೆಚ್ಚಾಗಿ ಕೊಯ್ಯುತ್ತಿದ್ದಾರೆ, ಅದೂ ಬೇರೆಯವರ ಹೊಲಿಗೆಯನ್ನಲ್ಲ. ಮೂರು ತಾಲೂಕುಗಳಲ್ಲಿ ತಾವೇ ಹೊಲಿದುಕೊಟ್ಟ ಕಾರಿನ ಸೀಟುಗಳನ್ನು ಹುಡುಕಿ, ಬಾಗಿಲ ಕಡೆಯ ಅಂಚನ್ನು ಬಿಚ್ಚುವುದೇ ಅವರ ಕೆಲಸವಾಗಿದೆ. ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಒಂದು ಸೀಟು ಮುಚ್ಚಿದಂತೆಯೇ ಉಳಿದರೂ ಅದರ ಮೇಲೆ ಕೂತವರ ಜೀವಕ್ಕೆ ತಾನೇ ಹೊಣೆ ಎಂದು ಅವರು ನಂಬಿದ್ದಾರೆ.

ಇದು ಅರ್ಥವಾಗಬೇಕಾದರೆ ನಮ್ಮ ಭಾಗದ ಜನ ಕಾರನ್ನು ಹೇಗೆ ಸಾಕುತ್ತಾರೆ ಎಂಬುದನ್ನು ಸ್ವಲ್ಪ ಹೇಳಬೇಕು. ನಾವು ಲಕ್ಷಗಟ್ಟಲೆ ಸುರಿದು ಕಾರು ತರುತ್ತೇವೆ, ತಂದ ದಿನದಿಂದ ಅದರ ಸೀಟನ್ನು ಕಣ್ಣಿಂದ ನೋಡುವುದಿಲ್ಲ. ಕಂಪನಿಯವರು ಹಾಕಿದ ಪ್ಲಾಸ್ಟಿಕ್ ವರ್ಷವಾದರೂ ಇರುತ್ತದೆ. ಅದರ ಮೇಲೊಂದು ರೆಗ್ಜಿನ್ ಕವರ್, ಅದರ ಮೇಲೊಂದು ಟವೆಲ್. ಕೂರುವವರು ಬೆವರಿ ಅಂಟಿಕೊಂಡರೂ ಚಿಂತೆಯಿಲ್ಲ, ಸೀಟು ಮಾಸಬಾರದು. ಕಾರು ಮಾರುವ ದಿನ ಎಲ್ಲವನ್ನೂ ತೆಗೆದು "ನೋಡ್ರಿ, ಹೊಸಾದು" ಎಂದು ಹೆಮ್ಮೆಯಿಂದ ತೋರಿಸುತ್ತೇವೆ. ಆ ಹೊಸ ಸೀಟಿನ ಮೇಲೆ ಕೂರುವ ಭಾಗ್ಯ ನಮ್ಮದಾಗಿರುವುದಿಲ್ಲ, ಮುಂದೆ ಕೊಂಡವನದೂ ಆಗುವುದಿಲ್ಲ, ಅವನೂ ನಮ್ಮವನೇ ತಾನೆ.

ದೇವಕಮ್ಮನ ಕಸುಬು ಹುಟ್ಟಿದ್ದು ನಾರಾಯಣಪುರದಲ್ಲಿ. ಕೃಷ್ಣೆಗೆ ಅಣೆಕಟ್ಟು ಕಟ್ಟಿ ಕಾಲುವೆ ಅಗೆಯುತ್ತಿದ್ದ ವರ್ಷಗಳವು. ಗಂಡ ಅಂಬ್ರಪ್ಪ ಅಲ್ಲಿನ ಗುತ್ತಿಗೆದಾರರೊಬ್ಬರ ಜೀಪು ಓಡಿಸುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ದೇವಕಮ್ಮ ಕ್ವಾರ್ಟರ್ಸಿನ ಹಿಂದಿನ ಗುಡಿಸಿಲಲ್ಲಿ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಅದು ಅವರ ತವರಿನಿಂದ ಬಂದ ವಿದ್ಯೆ. ಜೀಪಿನ ಸೀಟು ಹರಿದು ಸ್ಪ್ರಿಂಗು ಮೇಲೆದ್ದಿತ್ತು. "ಸಾಹೇಬ್ರು ಎಷ್ಟ ಕೆಲಸದವ್ರು, ಜೀಪಿನ್ಯಾಗ ನಿಂತ್ಕೊಂಡ ಕಾಲುವಿ ನೋಡ್ತಾರ ಅಂತ ಮಂದಿ ಹೊಗಳತಿದ್ರು," ಎಂದು ಅಂಬ್ರಪ್ಪ ನಗುತ್ತಾರೆ. "ಪಾಪ, ಅವರಿಗೆ ಕುಂದ್ರಾಕ ಸ್ಪ್ರಿಂಗ್ ಬಿಡ್ತಿದ್ದಿಲ್ಲ."

ದೇವಕಮ್ಮ ಹಳೆಯ ತಾಡಪಾಲಿನ ತುಂಡನ್ನು ಕೌದಿಯಂತೆ ನಾಲ್ಕು ಮಡಿಕೆ ಮಾಡಿ, ದಬ್ಬಣದಿಂದ ಹೊಲಿದು, ಸ್ಪ್ರಿಂಗನ್ನು ಒಳಗೆ ಒತ್ತಿ ಮುಚ್ಚಿದರು. ಜೀಪು ಗುಜರಿಗೆ ಹೋಯಿತು, ಸೀಟು ಹರಿಯಲಿಲ್ಲ. ಆಮೇಲೆ ಉಳಿದ ಜೀಪುಗಳು ಬಂದವು, ಲಾರಿಗಳು ಬಂದವು. ಕಾಲುವೆಯಲ್ಲಿ ನೀರು ಹರಿದು ಶಹಾಪುರದ ಎರೆಹೊಲಗಳು ಭತ್ತದ ಗದ್ದೆಗಳಾದ ಮೇಲೆ ಟ್ರ್ಯಾಕ್ಟರುಗಳು ಬಂದವು. ಭತ್ತ, ಹತ್ತಿ, ಮೆಣಸಿನಕಾಯಿಯ ದುಡ್ಡು ಕೈಗೆ ಹತ್ತಿದ ಮೇಲೆ ಕಾರುಗಳು ಬಂದವು. ಗಂಡ ಹೆಂಡತಿ ಶಹಾಪುರಕ್ಕೆ ಬಂದು ಸಾಬಣ್ಣ ಎಂಬ ಮೆಕ್ಯಾನಿಕ್‌ನ ಗ್ಯಾರೇಜಿಗೆ ಆತುಕೊಂಡಂತೆ ಈ ಶೆಡ್ಡು ಹಾಕಿಕೊಂಡರು.

ಇಲ್ಲಿನ ಬೇಸಿಗೆಯಲ್ಲಿ ರೆಗ್ಜಿನ್ ಸೀಟಿನ ಮೇಲೆ ಕೂತರೆ ತೊಡೆ ಸುಡುತ್ತದೆ. ಹಾಗಾಗಿ ರೆಗ್ಜಿನ್ ಕವರಿನ ನಡುವೆ ಕೌದಿ ಕೂರಿಸುವ ಉಪಾಯವನ್ನು ದೇವಕಮ್ಮನೇ ಮೊದಲು ಮಾಡಿದ್ದು. ಅದಕ್ಕೆ ಮನೆಯ ಹಿರಿಯ ಹೆಣ್ಣುಮಗಳ ಹಳೆಯ ಸೀರೆಯನ್ನೇ ತರಬೇಕು. ಅವ್ವನ ಸೀರೆಯೋ ಅತ್ತೆಯ ಸೀರೆಯೋ ಬೆನ್ನಿಗಿದ್ದರೆ ದಾರಿಯಲ್ಲಿ ಕೇಡಾಗುವುದಿಲ್ಲ ಎಂದು ಜನ ನಂಬಿದರು. ಹೊಸ ಕಾರು ತಂದವರು ಟೈರಿನಡಿ ನಿಂಬೆಹಣ್ಣು ಒಡೆಸಿ, ನೇರ ದೇವಕಮ್ಮನ ಶೆಡ್ಡಿಗೆ ಸೀರೆಯ ಗಂಟು ಹಿಡಿದುಕೊಂಡು ಬರುವುದು ವಾಡಿಕೆಯಾಯಿತು.

ಕೌದಿ ಹೊಲಿಯುವವರಿಗೆ ಒಂದು ಕಟ್ಟುಪಾಡಿದೆ. ಅಂಚು ತೆರೆದ ಕೌದಿಯನ್ನು ಇನ್ನೊಬ್ಬರ ಮನೆಗೆ ಕೊಡಬಾರದು. ಅದನ್ನು ಬಾಯಿ ಬಿಟ್ಟ ಕೌದಿ ಎನ್ನುತ್ತಾರೆ. ಬಾಯಿ ಬಿಟ್ಟ ಕೌದಿ ಹೊದ್ದವರ ಆಯುಷ್ಯ ಸೋರಿಹೋಗುತ್ತದೆ ಎಂಬ ಭಯ. ನಾಲ್ಕೂ ಮೂಲೆ, ನಾಲ್ಕೂ ಅಂಚು ಮುಚ್ಚಿ, ಕೊನೆಯ ಗಂಟು ಹಾಕಿ, ಜಗ್ಗಿ ನೋಡಿದ ಮೇಲೆಯೇ ಅದು ಮನೆಯ ಹೊಸ್ತಿಲು ದಾಟಬೇಕು. "ನಮ್ಮವ್ವ ನನಗ ಅಕ್ಷರ ಕಲಿಸಲಿಲ್ಲ, ಇದನ್ನ ಕಲಿಸಿದಳು," ಎನ್ನುತ್ತಾರೆ ದೇವಕಮ್ಮ. "ಹೊಲದ ಮ್ಯಾಲ ಎರಡೂ ಕೈಲೆ ಜಗ್ಗಬೇಕು. ಬಿಟ್ಟಿತಂದ್ರ ಪೂರಾ ಬಿಚ್ಚಿ ಮತ್ತ ಹೊಲಿಬೇಕು. ನಂದು ಒಂದೂ ಬಿಟ್ಟಿಲ್ಲ."

ಅವರು ಈ ಮಾತು ಹೇಳುವಾಗ ಮುಖದಲ್ಲಿ ಹೆಮ್ಮೆ ಬರುತ್ತದೆ, ಬಂದ ಕ್ಷಣದಲ್ಲೇ ಹೋಗುತ್ತದೆ. ಅದನ್ನು ನೋಡುವುದು ಕಷ್ಟ.

ಈ ನಡುವೆ ಕಾರುಗಳು ಬದಲಾದವು. ಸೀಟು ಎಂದರೆ ಕೂರುವ ಸಾಮಾನು ಅಷ್ಟೇ ಎಂದುಕೊಂಡಿದ್ದ ಕಾಲ ಹೋಯಿತು. ಈಗಿನ ಅನೇಕ ಕಾರುಗಳ ಮುಂದಿನ ಸೀಟಿನಲ್ಲಿ, ಬಾಗಿಲ ಕಡೆಯ ಅಂಚಿನೊಳಗೆ, ಗಾಳಿಚೀಲವೊಂದನ್ನು ಮಡಚಿ ಇಟ್ಟಿರುತ್ತಾರೆ. ಪಕ್ಕದಿಂದ ಯಾವುದಾದರೂ ಗಾಡಿ ಬಂದು ಗುದ್ದಿದರೆ ಬಾಗಿಲ ಹತ್ತಿರದ ಪುಟ್ಟ ಯಂತ್ರ ಅದನ್ನು ಗುರುತಿಸುತ್ತದೆ. ರೆಪ್ಪೆ ಬಡಿಯುವುದರೊಳಗೆ ಚೀಲ ಉಬ್ಬಿ, ಸೀಟಿನ ಅಂಚಿನ ಹೊಲಿಗೆಯನ್ನು ಹರಿದುಕೊಂಡು ಹೊರಬಂದು, ಪಕ್ಕೆಲುಬಿಗೂ ಬಾಗಿಲಿಗೂ ನಡುವೆ ದಿಂಬಾಗಿ ನಿಲ್ಲುತ್ತದೆ. ಅದಕ್ಕಾಗಿ ಆ ಒಂದು ಅಂಚಿನ ಹೊಲಿಗೆಯನ್ನು ಎಂಜಿನಿಯರುಗಳು ಬೇಕೆಂದೇ ಸಡಿಲವಾಗಿ ಮಾಡಿರುತ್ತಾರೆ. ಎಷ್ಟು ಬಲಕ್ಕೆ ಹರಿಯಬೇಕು, ಎಲ್ಲಿಂದ ಎಲ್ಲಿಯವರೆಗೆ ಹರಿಯಬೇಕು ಎಂದು ಲೆಕ್ಕ ಹಾಕಿ, ಪರೀಕ್ಷೆ ಮಾಡಿ ಹೊಲಿಸುತ್ತಾರೆ. ಇಂಥ ಕಾರುಗಳಿಗೆಂದು ಸಿಗುವ ಒಳ್ಳೆಯ ಕವರುಗಳಲ್ಲೂ ಅದೇ ಜಾಗದಲ್ಲಿ ತೆಳು ದಾರದ ಹೊಲಿಗೆ ಇರುತ್ತದೆ. ಒಂದು ಚಿಕ್ಕ ಬಟ್ಟೆಯ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಅದನ್ನು ಬರೆದೂ ಇರುತ್ತಾರೆ.

ಶಹಾಪುರದ ಗೊಬ್ಬರದ ವ್ಯಾಪಾರಿ ಸಂಗಣ್ಣ ಅಂಥದೊಂದು ಕಾರು ಕೊಂಡರು, ಕಲಬುರಗಿಯಿಂದ ಅಂಥದೇ ಕವರನ್ನೂ ತಂದರು. ಅವರ ಹೆಂಡತಿ ಮೌನಮ್ಮ ಸದಾ ಎಡಗಡೆಯ ಮುಂದಿನ ಸೀಟಿನಲ್ಲಿ ಕೂರುವವರು. ಹತ್ತಿ ಇಳಿದು ಮಾಡುವಾಗ ಸೀರೆಯ ಸೆರಗು, ಬಳೆ ಸಿಕ್ಕಿಕೊಂಡು ಕೆಲವೇ ತಿಂಗಳಲ್ಲಿ ಕವರಿನ ಪಕ್ಕದ ತೆಳು ಹೊಲಿಗೆ ಅಲ್ಲಲ್ಲಿ ಬಿಟ್ಟಿತು. ಹೊಸ ಕಾರಿಗೆ ಇದೆಂಥ ಲಕ್ಷಣ ಎಂದು ಮೌನಮ್ಮನೇ ಕವರನ್ನು ಬಿಚ್ಚಿಸಿ, ಜೊತೆಗೆ ತಮ್ಮ ತಾಯಿಯ ಸೀರೆಯೊಂದನ್ನು ಮಡಚಿಕೊಂಡು ದೇವಕಮ್ಮನ ಬಳಿ ಬಂದರು.

ದೇವಕಮ್ಮ ಆ ಹೊಲಿಗೆ ನೋಡಿ ನಕ್ಕರಂತೆ. "ಪ್ಯಾಟಿ ಮಶಿನ್ನಿನ ಹಣೇಬರಾನ ಇಷ್ಟು, ಮೂರೂ ಕಡೆ ಬರೋಬ್ಬರಿ ಹೊಲದು ಒಂದ ಕಡೆ ದಾರಕ್ಕ ಬಡತನ ಬಂದೈತಿ ಅಂದೆ," ಎಂದು ನೆನೆಯುತ್ತಾರೆ. "ಬಾಯಿ ಬಿಟ್ಟ ಕೌದಿ ಕೊಡಬಾರದಲ್ರಿ. ಎರಡೆಳಿ ನೈಲಾನ್ ದಾರಕ್ಕ ಮೇಣ ತಿಕ್ಕಿ, ಬೆನ್ನಹೊಲಿಗಿ ಹಾಕಿದೆ. ಅಂಚಿನ್ಯಾಗ ಒಂದ ಚೀಟಿ ಜೋತಾಡತಿತ್ತು. ಚಂದ ಕಾಣಂಗಿಲ್ಲ ಅಂತ ಒಳಗ ಮಡಚಿ ಅದರ ಮ್ಯಾಲೂ ಹೊಲದೆ."

ಅಲ್ಲಿಂದ ಅದೊಂದು ಸುದ್ದಿಯಾಯಿತು. ಸಂಗಣ್ಣನವರ ಕಾರಿನ ಸೀಟು ನೋಡಿದವರೆಲ್ಲ ತಮ್ಮ ಕವರುಗಳನ್ನು ಹಿಡಿದುಕೊಂಡು ಬಂದರು. ಸುರಪುರದಿಂದ ಬಂದರು, ಯಾದಗಿರಿಯಿಂದ ಬಂದರು. ಎಲ್ಲರದೂ ಒಂದೇ ದೂರು, ಪಕ್ಕದ ಹೊಲಿಗೆ ಸಡಿಲ. ದೇವಕಮ್ಮ ಎಲ್ಲವನ್ನೂ ಗಟ್ಟಿ ಮಾಡಿದರು. ಕೆಲವಕ್ಕೆ ಇಡೀ ಕವರನ್ನೇ ತಾವಾಗಿ ಹೊಲಿದು, ಸೀಟಿಗೆ ಸುತ್ತಲೂ ಬಿಗಿದು ಕೊಟ್ಟರು. ಅವರ ಕೈಯಲ್ಲಿ ಅಷ್ಟು ಕೆಲಸ ಹಿಂದೆಂದೂ ಇರಲಿಲ್ಲ. "ಆ ವರ್ಷ ನಾ ಭಾಳ ಖುಷಿಯಾಗಿದ್ದೆ," ಎನ್ನುತ್ತಾರೆ.

ಮುಂದಿನದನ್ನು ಅಂಬ್ರಪ್ಪ ಹೇಳುತ್ತಾರೆ. ಅಮಾವಾಸ್ಯೆಯ ದಿನ ಸಂಗಣ್ಣ, ಮೌನಮ್ಮ ಅಬ್ಬೆತುಮಕೂರಿನ ಮಠಕ್ಕೆ ಹೊರಟಿದ್ದರು. ಮೌನಮ್ಮ ಅಲ್ಲಿ ಭಜನೆಯಲ್ಲಿ ಹಾಡುವವರು. ಅವರು ದನಿ ಎತ್ತಿದರೆ ಮೈಕ್ ಬೇಡ ಎನ್ನುತ್ತಿದ್ದರಂತೆ ಊರವರು. ದೋರನಹಳ್ಳಿ ದಾಟಿದ ಮೇಲೆ ಕಾಲುವೆಯ ಏರಿ ಕಡೆಯಿಂದ ಹತ್ತಿ ಹೇರಿಕೊಂಡು ಬಂದ ಟ್ರ್ಯಾಕ್ಟರೊಂದು ನಿಲ್ಲದೆ ರಸ್ತೆಗಿಳಿದು ಕಾರಿನ ಎಡಬಾಗಿಲಿಗೆ ಗುದ್ದಿತು. ಸಂಗಣ್ಣನಿಗೆ ಏನೂ ಆಗಲಿಲ್ಲ. ಮೌನಮ್ಮನ ಎಡಗಡೆಯ ಪಕ್ಕೆಲುಬುಗಳು ಮುರಿದು, ಒಂದು ಎಲುಬು ಶ್ವಾಸಕೋಶಕ್ಕೆ ಚುಚ್ಚಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು.

ಈಗ ನಮ್ಮ ಜನರ ಇನ್ನೊಂದು ಗುಣವನ್ನು ಹೇಳಬೇಕು. ನಾವು ಯಾವುದನ್ನೂ ಎಸೆಯುವುದಿಲ್ಲ. ಕಾರು ರಿಪೇರಿಯಾಗಿ ಬರುವಾಗ ಹೊಸ ಸೀಟು ಬಂತು. ಹಳೆಯ ಕವರನ್ನು ಮಾತ್ರ ಸಂಗಣ್ಣ ಚೀಲದಲ್ಲಿ ತುಂಬಿಸಿಕೊಂಡು ತಂದರು. ಅತ್ತೆಯ ಸೀರೆಯ ಕೌದಿ ಅದರಲ್ಲಿತ್ತು, ಬಿಡಲು ಮನಸ್ಸು ಬರಲಿಲ್ಲ. ದೇವಕಮ್ಮನ ಮುಂದೆ ಇಟ್ಟು, "ಬೆನ್ನಿನ ಕಡೆ ಅಷ್ಟ ಹರದೈತಿ ಅಕ್ಕ, ಹೊಲದು ಕೊಡು," ಎಂದು ಹೇಳಿ ಹೋದರು. ಏನು ನಡೆದಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ದೇವಕಮ್ಮ ಕವರನ್ನು ಒಳಮೈ ಹೊರಗೆ ಮಾಡಿದರು. ಒಳಗೆಲ್ಲ ಬಿಳಿ ಪುಡಿ, ಮಸಿ ಹಿಡಿದ ಕಲೆ, ಪಟಾಕಿ ಸುಟ್ಟಂಥ ವಾಸನೆ. ಬೆನ್ನಿನ ಕಡೆಯ ದಪ್ಪ ರೆಗ್ಜಿನ್ ಸೀಳಿಹೋಗಿತ್ತು. ಇದೇನು ಎಂದು ಪಕ್ಕದ ಸಾಬಣ್ಣನನ್ನು ಕರೆದರು. ಸಾಬಣ್ಣ ನೋಡಿದವನೇ ಕೆಳಗೆ ಕೂತ. ಆಮೇಲೆ ಬಾಗಿಲ ಕಡೆಯ ಅಂಚನ್ನು ತೋರಿಸಿ, "ಚೀಲ ಇಲ್ಲಿಂದ ಹೊರಗ ಬರಬೇಕಿತ್ತಕ್ಕ. ಹೊಲಿಗಿ ಬಿಡಲಿಲ್ಲ. ದಾರಿ ಸಿಗದ ಹಿಂದಕ್ಕ ಒಡದೈತಿ," ಎಂದ.

"ನಾ ಆ ಅಂಚು ಎರಡೂ ಕೈಲೆ ಜಗ್ಗಿ ನೋಡಿದೆ," ಎನ್ನುತ್ತಾರೆ ದೇವಕಮ್ಮ. "ಒಂದ ಹೊಲಿಗಿ ಬಿಟ್ಟಿದ್ದಿಲ್ರಿ. ಟ್ರ್ಯಾಕ್ಟರ್ ಬಂದು ಗುದ್ದೈತಿ, ಒಳಗ ಬಾಂಬಿನಂಗ ಚೀಲ ಸಿಡದೈತಿ, ನನ್ನ ಹೊಲಿಗಿ ಹಂಗ ಐತಿ. ಅಷ್ಟು ಮಜಬೂತ್ ಹೊಲಿಬಾರದಿತ್ತು."

ಸಾಬಣ್ಣ ಒಳ್ಳೆಯವನು, ಸಮಾಧಾನ ಹೇಳಲು ಅವತ್ತಿನಿಂದ ಇವತ್ತಿನವರೆಗೂ ಪ್ರಯತ್ನಪಡುತ್ತಲೇ ಇದ್ದಾನೆ. "ಚೀಲ ಬಂದಿದ್ರೂ ಎಲುಬು ಮುರೀತಿತ್ತೋ ಏನೋ, ಖಾತ್ರಿ ಹೇಳಾಕ ಯಾರಿಗೂ ಬರಂಗಿಲ್ಲ ಸರ. ನನ್ನ ಕಣ್ಣ ಮುಂದನ ಹೊಲದಾಳ, ದಿನಾ ಕಾರಿನ ಹೊಟ್ಯಾಗ ಕೈ ಹಾಕೋನು ನಾನು, ನಾನರ ನೋಡಿ ಹೇಳಬೇಕಿತ್ತಿಲ್ಲೋ?" ಎನ್ನುತ್ತಾನೆ. ಮಾತು ಸರಿಯೇ. ಅಂಥ ಕವರು ಮಾರಿದವರು ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ, ಕಾರು ಕೊಟ್ಟವರೂ ಹೇಳಿರಲಿಲ್ಲ. ಎಲ್ಲರೂ ಚೀಟಿಯ ಮೇಲೆ ಬರೆದು ಕೈ ತೊಳೆದುಕೊಂಡಿದ್ದರು. ಆದರೆ ಈ ನ್ಯಾಯವೆಲ್ಲ ನಮಗೆ, ನಿಮಗೆ. ದೇವಕಮ್ಮ ಅದಕ್ಕೆ ಕಿವಿಗೊಡುವುದಿಲ್ಲ.

ವಿಷಯ ಗೊತ್ತಿದ್ದದ್ದು ಮೂವರಿಗೆ. ಸುಮ್ಮನಿದ್ದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಅಂಬ್ರಪ್ಪ ಹಾಗೆಯೇ ಹೇಳಿದ್ದರು ಕೂಡ. ದೇವಕಮ್ಮ ಆ ಕವರನ್ನು ತಲೆಯ ಮೇಲಿಟ್ಟುಕೊಂಡು ಸಂಗಣ್ಣನವರ ಮನೆಗೆ ನಡೆದುಕೊಂಡು ಹೋದರು. ಪಡಸಾಲೆಯಲ್ಲಿ ಅದನ್ನು ಬಿಡಿಸಿಟ್ಟು, ನಡೆದದ್ದನ್ನು ಹೇಳಿ, ಗೋಡೆಗೆ ಒರಗಿ ನಿಂತರು. ಸಂಗಣ್ಣ ಒಳಗೆ ಎದ್ದುಹೋದರು.

ಮೌನಮ್ಮನನ್ನು ನಾನು ಅವರ ಮನೆಯಲ್ಲೇ ಕಂಡೆ. ಮಾತಿನ ನಡುನಡುವೆ ಉಸಿರಿಗಾಗಿ ನಿಲ್ಲುತ್ತಾರೆ. ಭಜನೆಗೆ ಈಗಲೂ ಹೋಗುತ್ತಾರೆ, ತಾಳ ಮಾತ್ರ ಹಾಕುತ್ತಾರೆ. "ಸಿಟ್ಟು ಬಂದಿತ್ರಿ. ಇಲ್ಲ ಅಂದ್ರ ಸುಳ್ಳಾಗತೈತಿ," ಎನ್ನುತ್ತಾರೆ. "ಈಗೂ ಮಂದಿ ಹಾಡು ಎತ್ತಿದಾಗ ನನಗ ಉಸಿರು ಸಾಲದಂಗ ಆಗತೈತಲ್ಲ, ಅವಾಗ ಬರತೈತಿ. ಆದ್ರ ಬಾಯಿ ಬಿಟ್ಟೈತಿ, ಹೊಲದು ಕೊಡು ಅಂತ ಒಯ್ದು ಕೊಟ್ಟಾಕಿ ನಾನ ಅಲ್ರಿ? ಆಕೀ ಮ್ಯಾಲ ಎಷ್ಟಂತ ಸಿಟ್ಟ ಮಾಡ್ಲಿ." ಆ ದಿನ ಅವರು ಮಂಚದಿಂದಲೇ ದೇವಕಮ್ಮನಿಗೆ ಒಂದು ಪ್ರಶ್ನೆ ಕೇಳಿದ್ದರು. ನನ್ನದು ಆಯಿತು, ಇಂಥವು ಇನ್ನೆಷ್ಟು ಹೊಲಿದಿದ್ದೀ?

ಆ ಪ್ರಶ್ನೆಯೇ ದೇವಕಮ್ಮನನ್ನು ಊರೂರು ತಿರುಗಿಸುತ್ತಿದೆ. ಗಂಡನ ಹಳೆಯ ಟಿವಿಎಸ್ ಗಾಡಿಯ ಹಿಂದೆ ಕೂತು, ಸೊಂಟದಲ್ಲಿ ಬ್ಲೇಡಿನ ಪೊಟ್ಟಣ ಸಿಕ್ಕಿಸಿಕೊಂಡು ಹೊರಡುತ್ತಾರೆ. ಗಿರಾಕಿಗಳ ಹೆಸರು ಅವರಿಗೆ ನೆನಪಿರುವುದಿಲ್ಲ, ಸೀರೆಗಳು ನೆನಪಿರುತ್ತವೆ. ಹಸಿರು ಚೌಕಡಿ ಸೀರೆಯವರು ಸುರಪುರದ ಕೋಟೆಯ ಹತ್ತಿರ, ಜರಿ ಹೋದ ರೇಷ್ಮೆಯವರು ಯಾದಗಿರಿ ಸ್ಟೇಷನ್ ಕಡೆ ಎಂದು ಹುಡುಕಿಕೊಂಡು ಹೋಗುತ್ತಾರೆ. ಇಲ್ಲಿಯವರೆಗೆ ನಲವತ್ತಕ್ಕೂ ಹೆಚ್ಚು ಕಾರುಗಳ ಹೊಲಿಗೆ ಬಿಚ್ಚಿದ್ದಾರೆ.

ಎಲ್ಲರೂ ಬಾಗಿಲು ತೆರೆದು ಸ್ವಾಗತಿಸುವುದಿಲ್ಲ. ಒಬ್ಬರು ಹೊಸ ಕವರು ಹೊಲಿಸಿಕೊಳ್ಳಲಿ ಎಂಬ ಉಪಾಯ ಇದು ಎಂದು ಹಂಗಿಸಿದರು. ಇನ್ನೊಬ್ಬರು ಮಗಳ ಮದುವೆ ಮುಗಿಯಲಿ, ಬೀಗರ ಮುಂದೆ ಹರಿದ ಸೀಟು ಚೆನ್ನಾಗಿರುವುದಿಲ್ಲ ಎಂದರು. ಮೂರನೆಯವರು ನಾನು ಹುಷಾರಾಗಿ ಓಡಿಸುತ್ತೇನೆ, ನನಗೆ ಯಾರೂ ಗುದ್ದುವುದಿಲ್ಲ ಎಂದು ಭರವಸೆ ಕೊಟ್ಟರು. ದೇವಕಮ್ಮ ಮತ್ತೆ ಮತ್ತೆ ಹೋಗಿ ಕೊನೆಗೆ ಅವರನ್ನೆಲ್ಲ ಒಪ್ಪಿಸಿದರು. ಯಾದಗಿರಿಯಲ್ಲಿ ಅನ್ವರಬಿ ಎಂಬ ಅಜ್ಜಿಯ ಮೊಮ್ಮಕ್ಕಳು ಹಾಗೆಯೇ ವಾದ ಮಾಡುತ್ತಿದ್ದಾಗ, ಅಜ್ಜಿ ಒಳಗಿನಿಂದ ಅಡಿಗೆಮನೆಯ ಚೂರಿ ತಂದು, "ಸೀರಿ ನಂದೈತಿ, ನಾ ಹೇಳಾಕತ್ತೇನಿ, ಕೊಯ್ಯವ್ವ," ಎಂದು ದೇವಕಮ್ಮನ ಕೈಗೆ ಕೊಟ್ಟರಂತೆ. ಅದನ್ನು ಹೇಳುವಾಗ ಮಾತ್ರ ದೇವಕಮ್ಮ ಮನಸಾರೆ ನಗುತ್ತಾರೆ.

ಹೊಸ ಕಾರುಗಳ ಕೆಲಸ ಪೂರ್ತಿ ಬಿಟ್ಟಿಲ್ಲ. ಬಂದ ಕಾರನ್ನು ಮೊದಲು ಸಾಬಣ್ಣ ನೋಡಬೇಕು. ಚೀಲವಿಲ್ಲದಿದ್ದರೆ ಸರಿ, ಇದ್ದರೆ ಪಕ್ಕದ ಅಂಚನ್ನು ಬರಿದೇ ಬಿಟ್ಟು, ಮುಂಭಾಗಕ್ಕೆ ಮಾತ್ರ ಕೌದಿ ಕೂರಿಸಿ ಹಿಂದೆ ಲಾಡಿ ಕಟ್ಟುತ್ತಾರೆ. ಹರಿಯುವಂಥ ತೆಳು ಹೊಲಿಗೆ ಹಾಕುವುದನ್ನು ಕಲಿಯಲು ಅವರು ಪ್ರಯತ್ನಪಟ್ಟರು. ಸಾಬಣ್ಣ ಕಲಬುರಗಿಯಿಂದ ಆ ದಾರವನ್ನೂ ತಂದುಕೊಟ್ಟ. "ಕೈ ಕೇಳಲಿಲ್ರಿ," ಎನ್ನುತ್ತಾರೆ ದೇವಕಮ್ಮ, ಎರಡೂ ಅಂಗೈ ನನ್ನ ಮುಂದೆ ಹಿಡಿದು. "ಸಡ್ಲ ಬಿಡಬೇಕಂತ ಮನಸ್ಸು ಹೇಳತಿತ್ತು, ನಾಕ ಹೊಲಿಗಿ ಆಗೂದ್ರಾಗ ಕೈ ತಾನ ಜಗ್ಗಿ ಬಿಗೀತಿತ್ತು. ಈ ಕೈಗೆ ಇನ್ನ ಬ್ಯಾರೆ ಬರಂಗಿಲ್ಲ. ಅದಕ್ಕ ಬಿಟ್ಟೆ."

ಬರಿದಾದ ಅಂಚಿನ ಕವರನ್ನು ಗಿರಾಕಿಯ ಕೈಗೆ ಕೊಡುವಾಗ ಈಗಲೂ ಅವರ ಎದೆ ಅಳುಕುತ್ತದೆ. ಅವ್ವ ಹಾಕಿಕೊಟ್ಟ ಕಟ್ಟುಪಾಡನ್ನು ದಿನವೂ ಮುರಿಯುತ್ತಿದ್ದೇನೆ ಎಂದು ಕಸಿವಿಸಿಪಡುತ್ತಾರೆ. ಕಟ್ಟುಪಾಡು ಪಾಲಿಸಿದ್ದಕ್ಕೆ ಒಂದು ಜೀವ ನರಳಿತು, ಮುರಿಯುವುದಕ್ಕೆ ಇವರ ಜೀವ ನರಳುತ್ತಿದೆ. ಇದರಲ್ಲಿ ಯಾರನ್ನು ದೂರುವುದೋ ನನಗಂತೂ ತಿಳಿಯುವುದಿಲ್ಲ. ಕಾಲುವೆ ಬಂದು ನಲವತ್ತು ವರ್ಷಗಳಲ್ಲಿ ನಾವು ಎತ್ತಿನ ಚಕ್ಕಡಿಯಿಂದ ಗಾಳಿಚೀಲದ ಕಾರಿಗೆ ಬಂದೆವು. ಸಾಮಾನು ಬಂದಷ್ಟು ಜಲ್ದಿ ಅದರ ತಿಳಿವಳಿಕೆ ಬರಲಿಲ್ಲ. ಆ ಬೆಲೆಯನ್ನು ಒಬ್ಬರು ಉಸಿರಿನಲ್ಲಿ ಕೊಡುತ್ತಿದ್ದಾರೆ, ಇನ್ನೊಬ್ಬರು ಕಳೆದುಕೊಂಡ ನಿದ್ದೆಯಲ್ಲಿ.

ಭಾಗಣ್ಣ ಮಾಸ್ತರರ ಕಾರಿನ ಕೆಲಸ ಮುಗಿಯುತ್ತದೆ. ದೇವಕಮ್ಮ ಅವರನ್ನು ಕರೆದು, ಮಡಚಿ ಹೊಲಿದಿದ್ದ ಚೀಟಿಯನ್ನು ಹೊರಗೆಳೆದು ಬೆರಳಿಂದ ನೀವಿ ಸರಿಮಾಡಿ ತೋರಿಸುತ್ತಾರೆ, ಮೌನಮ್ಮನ ಕತೆ ಹೇಳುತ್ತಾರೆ. ಮಾಸ್ತರರ ಮುಖ ಇಳಿಯುತ್ತದೆ. ತಾವೇ ಆ ಚೀಟಿಯನ್ನು ಓದುತ್ತಾರೆ, ಓದಿ ಸೀಟಿನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಆ ಸೀಟಿನಲ್ಲಿ ದಿನವೂ ಕೂರುವವರು ಅವರ ಹೆಂಡತಿಯಂತೆ. ದೇವಕಮ್ಮನಿಗೆ ಕೈ ಮುಗಿದು ಹೊರಡುತ್ತಾರೆ.

ಇನ್ನು ಉಳಿದಿರುವುದು ಒಂದೇ. ಸುರಪುರದ ಅಮರಪ್ಪ ಎಂಬ ಭತ್ತದ ವ್ಯಾಪಾರಿಯ ಬಿಳಿ ಕಾರು. "ನಾ ಇರೋತನ ಬಿಚ್ಚಬಾರದು, ಹಂಗ ಹೊಲಿಬೇಕು," ಎಂದು ಹೇಳಿ ಹೊಲಿಸಿಕೊಂಡಿದ್ದರು. ದೇವಕಮ್ಮ ಹಾಗೆಯೇ ಹೊಲಿದುಕೊಟ್ಟರು, ಮುಂದಿನ ಎರಡೂ ಸೀಟಿಗೆ. ಇವರು ಹುಡುಕಿಕೊಂಡು ಹೋಗುವಷ್ಟರಲ್ಲಿ ಅಮರಪ್ಪ ಕಾರನ್ನು ರಾಯಚೂರಿನ ದಲಾಲಿಗೆ ಮಾರಿದ್ದರು. ದಲಾಲಿ ಬಳ್ಳಾರಿ ಕಡೆಯ ಯಾರಿಗೋ ಕೊಟ್ಟಿದ್ದ. ಆ ಯಾರೋ ಮತ್ತೆ ಮಾರಿದರಂತೆ. ಅಂಬ್ರಪ್ಪನ ಟಿವಿಎಸ್ ಗಾಡಿ ರಾಯಚೂರಿನವರೆಗೆ ಹೋಗಿ ಬಂತು, ಅದರಾಚೆ ಅದಕ್ಕೆ ದಾರಿ ಗೊತ್ತಿಲ್ಲ. ಆ ಕಾರಿನಲ್ಲಿ ಇವತ್ತು ಯಾರು ಕೂರುತ್ತಾರೋ, ಅವರಿಗೆ ದೇವಕಮ್ಮ ಎಂಬವರೊಬ್ಬರು ಇದ್ದಾರೆಂದೂ ತಿಳಿದಿಲ್ಲ.

ಪತ್ರಿಕೆಗೆ ಬರೆಯುತ್ತೇನೆ ಎಂದಾಗ ದೇವಕಮ್ಮ ಮೊದಲು ಒಪ್ಪಿರಲಿಲ್ಲ. ಹೊಗಳಿಸಿಕೊಳ್ಳುವಂಥದ್ದು ಏನು ಮಾಡಿದ್ದೇನೆ ಎಂದು ಕಳಿಸಿಬಿಟ್ಟಿದ್ದರು. ಮೂರು ದಿನ ಬಿಟ್ಟು ಅವರೇ ಸಾಬಣ್ಣನಿಂದ ಫೋನ್ ಮಾಡಿಸಿದರು. ಬಳ್ಳಾರಿಯಲ್ಲೂ ನಿಮ್ಮ ಪೇಪರ್ ಬರುತ್ತದೆಯೇ ಎಂಬುದು ಅವರ ಪ್ರಶ್ನೆ. ಬರುತ್ತದೆ ಎಂದ ಮೇಲೆ, ಬನ್ನಿ ಎಂದರು.

ಫೋಟೋ ತೆಗೆಯಲು ಹೋದರೆ ಸೆರಗು ಸರಿಪಡಿಸಿಕೊಳ್ಳದೆ ಎದ್ದು ಒಳಗೆ ಹೋಗುತ್ತಾರೆ. ಹೊರಬರುವಾಗ ಕೈಯಲ್ಲೊಂದು ಕೌದಿಯ ತುಂಡಿರುತ್ತದೆ. ಕೆಂಪು ಹಸಿರು ಚೌಕಗಳು, ಅಂಚಿಗೆ ಹಳದಿ ಬಟ್ಟೆಯ ತ್ರಿಕೋನಗಳ ಸಾಲು. ಬಿಳಿ ಕಾರಿಗೆ ಹೊಲಿದಾಗ ಉಳಿದದ್ದು. ಅದನ್ನು ಬಿಸಿಲಿಗೆ ಬರುವಂತೆ ಸ್ಟೂಲಿನ ಮೇಲೆ ಹರಡಿ, ಸುಕ್ಕು ತೆಗೆದು, ತಾವು ಪಕ್ಕಕ್ಕೆ ಸರಿಯುತ್ತಾರೆ.

"ನನ್ನ ಮಾರಿ ಬ್ಯಾಡ್ರಿ, ಇದರದ ತಗೀರಿ. ಇಂಥಾ ಕೌದಿ ಯಾರ ಕಾರಿನ್ಯಾಗ ಐತಿ, ಅವರು ಆ ಕವರ್ ಪೂರಾ ತಗದು ಒಗೀಲಿ. ತಗಿಯಾಕ ಬರಲಿಲ್ಲಂದ್ರ ಬಾಗಿಲ ಕಡಿ ಅಂಚು ಕೊಯ್ಯಲಿ. ಜಗ್ಗಿದ್ರ ಬರಂಗಿಲ್ಲ, ಕತ್ರಿ ತುದಿ ಸೇರಂಗಿಲ್ಲ, ಬ್ಲೇಡ ಬೇಕು. ಚಂದ ಕೆಡತೈತಿ ಅಂತ ನೋಡಬ್ಯಾಡ್ರಿ, ಕೊಯ್ದ ಬಿಡ್ರಿ, ಹೊಲದಾಕೀನ ಹೇಳ್ಯಾಳ ಅಂತ ಬರೀರಿ."